ನೆಮ್ಮದಿಯ ಚಿತ್ರ

"ಕೈ ಸಡಲ ಬಿಡ್ರಿ. ಇದು ಕುರ್ಚಿ ಅದ, ರೈಲಲ್ಲ," ಎನ್ನುತ್ತ ವಿಭಾ ಗಂಡನ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಗುರುಚರಣ ನಕ್ಕಂತೆ ಮಾಡಿದ. ಚೆನ್ನೈನ ಎಗ್ಮೋರಿನ ಹಳಿಗಳ ಬೆನ್ನಿಗಿದ್ದ ಆಸ್ಪತ್ರೆಯ ಮಬ್ಬುಗತ್ತಲೆಯ ಕೋಣೆ ಅದು. ಲೋಕಲ್ ರೈಲು ಓಡಿಸುವವನು ಹಿಡಿಯನ್ನು ಒತ್ತಿಕೊಂಡೇ ಇರಬೇಕು. ಕೈ ತೆಗೆದರೆ ಗಾಡಿ ತಾನೇ ನಿಲ್ಲುತ್ತದೆ. ರಾಯಪುರಂ ಬಳಿ ಮೀನಿನ ಬುಟ್ಟಿ ಹೊತ್ತವಳೊಬ್ಬಳು ಹಳಿ ದಾಟುತ್ತಿದ್ದಾಗ ಅವನು ಹಾರ್ನ್ ಒತ್ತಿ ಹಿಡಿಯಿಂದ ಕೈ ತೆಗೆದಿದ್ದ. ಗಾಡಿ ನಿಂತಿತ್ತು, ಅವಳ ಮೇಲೆ ಹಾದುಹೋದ ನಂತರ. ಅಂದಿನಿಂದ ಆ ಕೈ ಸಿಕ್ಕಿದ್ದನ್ನೆಲ್ಲ ಒತ್ತಿ ಹಿಡಿಯುತ್ತದೆ. ಹಾರ್ನ್ ಕೇಳಿದರೆ ಮೈಯೆಲ್ಲ ಬೆವರುತ್ತದೆ. ಜೊತೆಯವರು ಇದನ್ನು ರಜೆಗಾಗಿ ಆಡುವ ನಾಟಕ ಎನ್ನುತ್ತಾರೆ.

ಅದಕ್ಕೇ ಈ ಪರೀಕ್ಷೆ. ಇಂದು ಸುಮ್ಮನೆ ಕೂತಾಗ ಒಂದು, ನಾಳೆ ಹಾರ್ನ್ ಕೇಳಿಸಿದಾಗ ಒಂದು; ಮಿದುಳಿನಲ್ಲಿ ರಕ್ತ ಎಲ್ಲೆಲ್ಲಿಗೆ ನುಗ್ಗುತ್ತದೆಂದು ತೋರಿಸುವ ಎರಡು ಚಿತ್ರ. ಎರಡೂ ಒಂದೇ ಥರ ಬಂದರೆ? ಮಂದಿ ಅಂದದ್ದೇ ನಿಜವಾಗಿಬಿಡುತ್ತದೆ.

ಇಂದಿನ ಹೊತ್ತನ್ನು ಅವನೇ ಗೊತ್ತುಮಾಡಿದ್ದ. ಯಾವ ಗಾಡಿ ಯಾವಾಗ ಎಂಬುದು ಅವನಿಗೆ ಬಾಯಿಪಾಠ. ಊಟದ ಹೊತ್ತು ಮುಗಿದ ಮೇಲೆ ಅರ್ಧ ಗಂಟೆ ಆ ಹಳಿಗಳು ಖಾಲಿ.

ವಿಭಾ ಹೊರಗೆ ಹೋದಳು. ಡಾಕ್ಟರ್ ರಂಜನಿ ಅವನ ಬಲಗೈಗೆ ಚುಚ್ಚಿಟ್ಟಿದ್ದ ಸೂಜಿಯ ನಳಿಕೆಗೆ ಸಿರಿಂಜು ಸೇರಿಸಿದರು. "ಭಯಪಡಾದೀಂಗ ಸಾರ್, ಹೆದರಬೇಡಿ. ಔಷಧಿ ಒಳಗೆ ಹೋಗೋವಾಗ ಮನಸ್ಸು ಹೇಗಿರುತ್ತೋ, ಚಿತ್ರದಲ್ಲಿ ಬರೋದು ಅದೇ. ಆರಾಮಾಗಿರಿ."

ಔಷಧಿ ಇಳಿಯತೊಡಗಿತು. ಗೋಡೆಯಾಚೆ ಹಾರ್ನ್ ಕೂಗಿತು, ಉದ್ದಕ್ಕೆ, ಬಿಡದೆ.

ಮೂಗಿಗೆ ಮೀನಿನ ವಾಸನೆ ಅಡರಿತು. "ತಳ್ಳಿ ಪೋಮ್ಮಾ! ಪೋ!" ಪಕ್ಕಕ್ಕೆ ಸರಿಯಮ್ಮ ಎಂದು ಆ ದಿನ ಗಾಡಿಯ ಗಾಜಿನ ಹಿಂದಿನಿಂದ ಮೀನಿನವಳಿಗೆ ತಮಿಳಿನಲ್ಲಿ ಕೂಗಿದ್ದನ್ನೇ ಅವನು ಮತ್ತೆ ಕೂಗಿದ. ಕಿರುಚಾಟ ಕೇಳಿ ವಿಭಾ ಓಡಿಬಂದಳು.

"ಈ ಹೊತ್ತಿಗೆ ಗಾಡಿ ಇಲ್ಲ," ಎಂದು ಅವನು ಹೇಳಿದ. "ಖರೇನ ಇಲ್ಲ."

"ನೀವು ರಜಾದಾಗ ಇದ್ದಾಗ ಹೊಸಾ ಟೈಮ್‌ಟೇಬಲ್ ಬಂತಲ್ರಿ," ಎಂದಳು ವಿಭಾ ಮೆಲ್ಲಗೆ.

ರಂಜನಿ ಸಿರಿಂಜು ಕಳಚಿದರು. "ಪರವಾಯಿಲ್ಲೆ ಸಾರ್. ಇದು ಸುಮ್ಮನೆ ಕೂತ ಚಿತ್ರ ಆಗಲ್ಲ, ಬಿಟ್ಬಿಡೋಣ. ನೀವು ನೆಮ್ಮದಿಯಾಗಿರೋ ದಿನ ಇನ್ನೊಂದು ತೆಗೆಯೋಣ."

"ಅಂಥಾ ದಿನಾ ಯಾವ್ದರೀ ಡಾಕ್ಟ್ರೇ?" ಎಂದ ಗುರುಚರಣ.

ಹಳಿಗಳ ಕಡೆ ಮತ್ತೊಂದು ಗಾಡಿಯ ಸದ್ದು ಶುರುವಾಗಿತ್ತು. ವಿಭಾ ಅವನ ಎಡಗೈಯ ಕೆಳಗೆ ತನ್ನ ಕೈ ಸರಿಸಿದಳು. ಅವನು ಒತ್ತಿ ಹಿಡಿದ. ಅವಳ ಗಾಜಿನ ಬಳೆಯೊಂದು ಚಟ್ಟೆಂದಿತು. ಅವಳು ಕೈ ಎಳೆದುಕೊಳ್ಳಲಿಲ್ಲ.