ನಾಬು ನಾಲ್ಕರಲ್ಲಿತ್ತು

ಲಿಫ್ಟಿನವನು ಮೇಜಿನಡಿ ನುಗ್ಗಿ, ಒಂದು ವೈರನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಸಿಂಥಸೈಜರಿನ ಹಿಂದಕ್ಕೆ ಸಿಕ್ಕಿಸುತ್ತಿದ್ದ. ಅವಳ ಕಣ್ಣು ಸಿಂಥಸೈಜರಿನ ಮೇಲೆಯೇ ಇತ್ತು. ಅದರ ಮೂಲೆಯ ನಾಬು ನಾಲ್ಕರಲ್ಲಿತ್ತು.

ಒಂಬತ್ತರಲ್ಲಿರಬೇಕಿತ್ತು.

“ಸತ್ತ ಮನೇಲಿ ಇದೆಲ್ಲ ಯಾಕೋ?” ಎಂದರು ಭಾವ. ಗಂಡನ ಅಣ್ಣ ಅವರು. ತಮ್ಮನನ್ನು ಮಲಗಿಸಿದ್ದ ಶೀತಲ ಪೆಟ್ಟಿಗೆಯ ಪಕ್ಕದಲ್ಲೇ ಬೆಳಗಿನಿಂದ ಕುರ್ಚಿ ಬಿಟ್ಟು ಏಳದೆ ಕೂತಿದ್ದರು.

“ಅಣ್ಣ ಕೊನೇಲಿ ನುಡಿಸಿದ್ದು ಇದರಲ್ಲಿದೆ,” ಎಂದ ಲಿಫ್ಟಿನವನು, ವೈರು ಬಾಯಿಂದ ತೆಗೆದು. ಹಗಲಲ್ಲಿ ಲಿಫ್ಟು ರಿಪೇರಿ ಮಾಡುತ್ತ, ಭಾನುವಾರ ಇವಳ ಗಂಡನ ಜೊತೆ ನುಡಿಸುತ್ತಿದ್ದ, ಅವನನ್ನು ಅಣ್ಣ ಎನ್ನುತ್ತಿದ್ದವನು. “ನಾನೂ ಇನ್ನೂ ಕೇಳಿಲ್ಲ. ಹೊತ್ತೊಯ್ಯೋ ಮುಂಚೆ ಎಲ್ಲರೂ ಒಂದ್ಸಲ ಕೇಳಲಿ.”

ಹಜಾರದಲ್ಲಿ ಇಪ್ಪತ್ತು ಮೂವತ್ತು ಜನ. ಗಂಡ ಮೂವತ್ತು ವರ್ಷ ಹಲ್ಲಿನ ಸೆಟ್ಟು ತಯಾರಿಸಿದವನು. ಅವನು ಮಾಡಿಕೊಟ್ಟ ಹಲ್ಲನ್ನೇ ಕಚ್ಚಿಕೊಂಡು ಅವನಿಗಾಗಿ ಅಳು ತಡೆಯುತ್ತಿದ್ದ ಮುದುಕರು ಅಲ್ಲಿ ನಾಲ್ಕೈದು ಮಂದಿಯಾದರೂ ಇದ್ದರು. ಹಲ್ಲು ಕೂದಲೆಳೆಯಷ್ಟು ಉಬ್ಬಿದ್ದರೂ ಅವನ ಬೆರಳಿಗೆ ತಿಳಿಯುತ್ತಿತ್ತು. ಸಿಂಥಸೈಜರಿಗೆ ಜೋಡಿಸುವ ಈ ಕೀಬೋರ್ಡಿಗೆ ಅವನು ಮನಸೋತದ್ದೂ ಅದಕ್ಕೇ. ಅದರ ಕೀಗಳು ರಬ್ಬರಿನ ಹಾಗೆ ಮೆತ್ತಗೆ. ಒತ್ತಿದರೆ ಸ್ವರ ಉಬ್ಬುತ್ತದೆ, ಬೆರಳು ಅಲುಗಿಸಿದರೆ ನಡುಗುತ್ತದೆ, ಜಾರಿಸಿದರೆ ಬಣ್ಣ ಬದಲಿಸುತ್ತದೆ. ಸ್ವಂತ ದನಿ ಮಾತ್ರ ಅದಕ್ಕಿಲ್ಲ. ಬೆರಳು ಎಷ್ಟು ಒತ್ತಿತು, ಎತ್ತ ವಾಲಿತು ಎಂದು, ದನಿ ಹೊರಡಿಸುವ ಸಿಂಥಸೈಜರಿಗೆ ಚಾಡಿ ಹೇಳುವುದಷ್ಟೇ ಅದರ ಕೆಲಸ. ಸಿಂಥಸೈಜರು ನೆನಪಿಟ್ಟುಕೊಳ್ಳುವುದೂ ಬೆರಳಿನ ಆ ಒತ್ತನ್ನೇ, ಮತ್ತೆ ಕೇಳಿಸುವಾಗಿನ ದನಿ ನಾಬು ಇದ್ದಂತೆ. ನಾಬನ್ನು ಒಂಬತ್ತಕ್ಕಿಟ್ಟರೆ ಇರುವೆ ತುಳಿದರೂ ದನಿ ತುಂಬಿ ಬರುತ್ತದೆ. ನಾಲ್ಕಕ್ಕಿಟ್ಟರೆ ಬೆರಳಲ್ಲಿ ಎಷ್ಟಿದೆಯೋ ಅಷ್ಟೇ.

ಅವನ ಬೆರಳಲ್ಲಿ ಎಷ್ಟಿತ್ತೆಂದು ಅವಳೊಬ್ಬಳಿಗೇ ಗೊತ್ತಿತ್ತು.

*

ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಿಂದ ಬಂದವನು ಮೊದಲು ಕೇಳಿದ್ದು ಕೀಬೋರ್ಡನ್ನೇ. ಅವಳೇ ವೈರು ಸಿಕ್ಕಿಸಿ, ಬಲಗೈಯನ್ನು ಎತ್ತಿ ಅದರ ಮೇಲಿಟ್ಟಳು. ಬೆರಳು ಕೀಗೆ ತಗುಲಿತು, ದನಿ ಏಳಲಿಲ್ಲ. ಬಾಯಿ ಸೊಟ್ಟ ಮಾಡಿಕೊಂಡು ಅವನು ಮಗುವಿನಂತೆ ಅತ್ತ. ಕಟ್ಟಿಕೊಂಡಾಗಿನಿಂದ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ.

ಮರುದಿನ ಸಂಜೆ ಅವನ ಬೆನ್ನ ಹಿಂದೆ ನಿಂತು, ನಾಲ್ಕರಲ್ಲಿದ್ದ ನಾಬನ್ನು ಐದಕ್ಕೆ ತಿರುಗಿಸಿದಳು. ಮುಂದಿನ ವಾರ ಆರಕ್ಕೆ.

“ನೋಡೇ, ಬಂತು,” ಎಂದ ಅವನು. “ಕೈ ಬರ್ತಾ ಇದೆ ಕಣೇ.”

“ಬರದೆ ಏನು? ನಿಮ್ಮ ಹಟ ನನಗೆ ಗೊತ್ತಿಲ್ವಾ,” ಎಂದಳು. ಒಂದು ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು ಬೇಕಾಗುತ್ತದಂತೆ. ಅವಳಿಗೆ ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ, ಬೆರಳ ತುದಿಯಲ್ಲಿ ಅಷ್ಟು ತಿರುಗಿಸಿದರೆ ಸಾಕಿತ್ತು.

ಆಮೇಲೆ ಒಂದು ದಿನ ಅವನು ಅಣ್ಣನೆದುರು ನುಡಿಸಿ ತೋರಿಸಿದ. ನಾಬು ಎಂಟರಲ್ಲಿತ್ತು. “ಕೈ ಬಂತಲ್ಲ, ಇನ್ನು ಆ ವ್ಯಾಯಾಮದವಳು ಯಾಕೆ?” ಎಂದ. ಭಾವ ಖುಷಿಯಲ್ಲಿ ಅಲ್ಲಿಂದಲೇ ಫೋನು ಮಾಡಿ, ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದವಳನ್ನು ಇನ್ನು ಬರಬೇಡವೆಂದರು. ಇವಳು ಅಲ್ಲೇ ನಿಂತಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ನಾಬು ಒಂಬತ್ತಕ್ಕೇರಿತು.

ನಿನ್ನೆ ಬೆಳಿಗ್ಗೆ ಎರಡನೇ ಸಲ ಹೊಡೆಯಿತು. ಅವಳು ತಾನು ಕೆಲಸ ಮಾಡುವ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊದಿಕೆ ಮಡಚುತ್ತಿದ್ದಾಗ ಪಕ್ಕದ ಮನೆಯಾಕೆಯ ಫೋನು ಬಂತು. ಕೀಬೋರ್ಡಿನ ಮುಂದೆ, ಕುರ್ಚಿಯಲ್ಲೇ ಹೋಗಿದ್ದ.

*

“ಬೇಡಪ್ಪ. ಈಗ ಬೇಡ,” ಎಂದಳು.

ಲಿಫ್ಟಿನವನು ಪೆಚ್ಚಾದ. “ಬಲಗೈಲೇ ನುಡಿಸ್ತೀನಿ ಅಂತಿದ್ರು ಅತ್ತಿಗೆ, ಅದಕ್ಕೇ...”

“ಬಲಗೈಯಾ?” ಭಾವ ತಿರುಗಿದರು. “ಹಾಗಾದ್ರೆ ಹಾಕು. ನೀನೂ ಬೇಡ ಅನ್ಬೇಡಮ್ಮ. ವ್ಯಾಯಾಮದವಳನ್ನ ಬಿಡಿಸಿದ್ದು ನಾನು. ಅದನ್ನ ನಿಲ್ಲಿಸದೇ ಇದ್ದಿದ್ರೆ ಏನಾಗ್ತಿತ್ತೋ ಅಂತ ನಿನ್ನೆಯಿಂದ ಕೊರೀತಾ ಇದೆ. ಅವನ ಕೈ ಬಂದಿತ್ತು ಅನ್ನೋದನ್ನ ಕಿವಿಯಾರೆ ಕೇಳಿಬಿಟ್ರೆ ನಾನು ನೆಮ್ಮದಿಯಾಗಿ ಹೆಗಲು ಕೊಡ್ತೀನಿ.”

ನಾಲ್ಕರಲ್ಲಿ ಹಾಕಿದರೆ ಎಲ್ಲ ಬಯಲಾಗುತ್ತದೆ. ಒಂಬತ್ತಕ್ಕೆ ತಿರುಗಿಸಿಬಿಟ್ಟರೆ ಭಾವನೂ ಪಾರು, ತಾನೂ ಪಾರು. ವೈರು ಸರಿಮಾಡುವವಳಂತೆ ಬಗ್ಗಿ ನಾಬಿನ ಮೇಲೆ ಕೈಯಿಟ್ಟಳು.

“ಇದನ್ನ ಯಾಕೆ ತಿರುಗಿಸಿದೆ?” ಪಿಸುಗುಟ್ಟಿದಳು.

“ನಾನು ಮುಟ್ಟೇ ಇಲ್ಲ ಅತ್ತಿಗೆ. ಬೆಳಿಗ್ಗೆ ಒಳಕೋಣೆಯಿಂದ ಎತ್ಕೊಂಡು ಬರುವಾಗಲೂ ನಾಲ್ಕರಲ್ಲೇ ಇತ್ತು.” ಅವನು ಸಿಂಥಸೈಜರಿನ ಪುಟ್ಟ ಪರದೆ ತೋರಿಸಿದ. “ಇಲ್ನೋಡಿ, ಒಂದಲ್ಲ, ತೊಂಬತ್ತೆರಡು ಇವೆ. ಎಲ್ಲಾ ಬೆಳಿಗ್ಗೆ ಹತ್ತು, ಹತ್ತೂವರೆಗೆ. ಕೊನೇದು ನಿನ್ನೇದು.”

ಹತ್ತಕ್ಕೆ ಅವಳು ಕೆಲಸದಲ್ಲಿರುತ್ತಿದ್ದಳು. ಅವಳು ಹೋದ ಮೇಲೆ ಅವನು ನಾಬನ್ನು ನಾಲ್ಕಕ್ಕೆ ಇಳಿಸಿ ಒಬ್ಬನೇ ಕೂರುತ್ತಿದ್ದ. ಅವಳು ಬರುವ ಮುಂಚೆ ಒಂಬತ್ತಕ್ಕೆ ಏರಿಸಿಡುತ್ತಿದ್ದ. ಸಂಜೆ ಅವಳೆದುರು ನುಡಿಸಿ, ಬಂತು ನೋಡೇ ಎನ್ನುತ್ತಿದ್ದ. ನಿನ್ನೆ ಏರಿಸಿಡುವಷ್ಟು ಹೊತ್ತು ಸಿಗಲಿಲ್ಲ.

ಅವನಿಗೆ ಗೊತ್ತಿತ್ತು. ತಿಂಗಳುಗಟ್ಟಲೆ ಗೊತ್ತಿತ್ತು. ಅವಳಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಪೆಟ್ಟಿಗೆಯ ಗಾಜಿಗೆ ಬಡಿದು ಅವನನ್ನು ಎಬ್ಬಿಸಿ ಜಗಳವಾಡಬೇಕೆನಿಸಿತು.

“ಏನಮ್ಮ, ಕೆಟ್ಟಿದೆಯಾ?” ಭಾವ ಕೇಳಿದರು.

ಅವಳು ನಾಬಿನಿಂದ ಕೈ ತೆಗೆದಳು.

“ಭಾವ, ಅವರ ಕೈ ಬಂದಿರಲಿಲ್ಲ. ನಾನೇ ಇದನ್ನ ಏರಿಸಿ ದನಿ ಬರೋ ಹಾಗೆ ಮಾಡ್ತಿದ್ದೆ. ಆವತ್ತು ನಿಮ್ಮೆದುರು ನುಡಿಸಿದಾಗಲೂ ಅಷ್ಟೇ. ಅವರಿಗೆ ಗೊತ್ತಾಗಿದೆ. ನನಗೆ ತಿಳೀದ ಹಾಗೆ ದಿನಾ ಬೆಳಿಗ್ಗೆ ಸರಿಯಾದ ಅಳತೆಗೆ ಇಳಿಸಿ ಅಭ್ಯಾಸ ಮಾಡಿದ್ದಾರೆ. ಫೋನ್ ಮಾಡಿದ್ದು ನೀವಾದರೂ ತಪ್ಪು ನಂದು.”

ಭಾವನ ದವಡೆ ಬಿಗಿಯಾಯಿತು.

“ಹಾಕಪ್ಪ,” ಎಂದಳು ಲಿಫ್ಟಿನವನಿಗೆ. “ನಿನ್ನೇದು.”

ಅವನು ಒತ್ತಿದ. ಸ್ಪೀಕರಿನಿಂದ ಏನೂ ಬಂದಂತಾಗಲಿಲ್ಲ. ಪರದೆಯ ಮೇಲೆ ಗೆರೆ ಓಡುತ್ತಿತ್ತು. ಜನ ಮುಖ ಮುಖ ನೋಡಿಕೊಂಡರು.

“ಜೋರು ಮಾಡ್ಲಾ ಅತ್ತಿಗೆ?”

“ಬೇಡ. ಅವರದು ಎಷ್ಟಿದೆಯೋ ಅಷ್ಟೇ ಇರಲಿ.”

ಭಾವ ಎದ್ದರು. ಮುಖ ಕೆಂಪೇರಿತ್ತು. ನೇರ ಅವಳತ್ತಲೇ ಬಂದರು. ಅವಳು ಹಿಂದೆ ಸರಿಯಲಿಲ್ಲ, ಹೊಡೆದರೆ ಹೊಡೆಯಲಿ ಎಂದು ನಿಂತಳು. ಅವರು ಅವಳನ್ನು ದಾಟಿ ಗೋಡೆಯ ಬಳಿ ಬಗ್ಗಿ, ಶೀತಲ ಪೆಟ್ಟಿಗೆಯ ಪ್ಲಗ್ಗು ಕಿತ್ತರು. ಅಷ್ಟು ಹೊತ್ತೂ ಅದು ಗುರ್ರೆನ್ನುತ್ತಿತ್ತೆಂದು ನಿಂತ ಮೇಲೇ ಎಲ್ಲರಿಗೂ ತಿಳಿಯಿತು.

“ಮೊದಲಿಂದ ಹಾಕು,” ಎಂದರು.

ನೂಲಿನೆಳೆಯಷ್ಟು ಒಂದು ಸ್ವರ. ಎದ್ದಿತು, ನಡುಗಿತು, ಕುಸಿಯಿತು, ಮತ್ತೆ ಎದ್ದಿತು. ಹೊರಲು ಬಂದವರು ಬಾಗಿಲಲ್ಲಿ ನಿಂತು ಹೊತ್ತಾಯಿತೆಂದು ಹೇಳಲು ಬಾಯಿ ತೆರೆದರು. ಭಾವ ಆಗಲೇ ನೆಲಕ್ಕೆ ಕೂತು ಸ್ಪೀಕರಿಗೆ ಕಿವಿ ಹಚ್ಚಿದ್ದರು. ಕಣ್ಣು ತೆರೆಯದೆ, ಇರಿ ಎಂದು ಅವರತ್ತ ಅಂಗೈ ಎತ್ತಿ ಹಿಡಿದರು.