ಬಿಸಿಲು ಬಿಟ್ಟವಳು

ಹಂಚಿನ ನಡುವಿನ ಗಾಜಿನಿಂದ ಬಿಸಿಲು ನೆಲಕ್ಕೆ ಬಿದ್ದಿದೆ, ಆಗ ಕಂಬದ ಬುಡದಲ್ಲಿತ್ತು, ಈಗ ನನ್ನ ಹೆಬ್ಬೆರಳಿನ ಹತ್ತಿರಕ್ಕೇ ಬಂದಿದೆ, ಕಾಲು ಎಳೆದುಕೊಳ್ಳುತ್ತೇನೆ, ಅಂಗೈಯಗಲದ ಬಿಸಿಲಿಗೆ ಹೆದರಬೇಕಾಯಿತಲ್ಲ ನಾನು, ಕೋಡಿ ಕಡಲತೀರದ ಮರಳಲ್ಲಿ ಬರಿಗಾಲಲ್ಲಿ ಸಿಗಡಿ ಒಣಗಿಸಿದ ಹರಿಣಾಕ್ಷಿ, ನೆತ್ತಿ ಸುಡುವ ಹೊತ್ತಿಗೇ ಕೆಲಸ ಚುರುಕು ಅನ್ನುತ್ತಿದ್ದವಳು — ಬಿಸಿಲು ಪೂರ್ತಿ ಬಿಡಬೇಕು ನೋಡಿ, ಬ್ರಹ್ಮಾವರದ ಚರ್ಮದ ಡಾಕ್ಟರು ಹೇಳಿದ್ದು, ಕೆನ್ನೆಯ ಹುಣ್ಣು ಮಾಯಲು ಬೇರೆ ದಾರಿ ಇಲ್ಲ, ಹೀಗೇ ಸುಟ್ಟುಕೊಂಡರೆ ಕೆಟ್ಟ ಕಾಯಿಲೆಗೆ ತಿರುಗಬಹುದು, ಎಲೆ ಅಡಿಕೆ ಬಿಡಿ ಅಂದಷ್ಟು ಸಲೀಸು ಅವರಿಗೆ, ಮೊದಲು ಅವರು ಕೊಟ್ಟ ಕ್ರೀಮು ಬಳಿದುಕೊಂಡೇ ಹೋಗಿದ್ದೆ, ಬೆವರಿಗೆ ಇಳಿದು ಕಣ್ಣು ಉರಿದು, ಮುಖಕ್ಕೆಲ್ಲ ಮರಳು ಮೆತ್ತಿ, ಎಂತ ಹೆಣೆ, ಹುರುಕೆ ರವೆ ಹಚ್ಚಿದ್ ಮೀನ್ ಕಂಡಂಗ್ ಕಾಣ್ತೆ ಅಂತ ಜಲಜ ಬಿದ್ದು ಬಿದ್ದು ನಕ್ಕಿದ್ದಳು, ಜಲಜ, ಬಲೆಯ ಆ ತುದಿಯವಳು, ನಮ್ಮಲ್ಲಿ ಹೆಂಗಸರು ಇಬ್ಬಿಬ್ಬರು ಜೋಡಿ, ಬಲೆ ಹಾಸಿ ಮೇಲೆ ಸಿಗಡಿ, ನಮ್ಮ ಬಾಯಲ್ಲಿ ಚಟ್ಲಿ, ಹರಡುವುದು, ಆ ತುದಿ ಒಬ್ಬಳು ಈ ತುದಿ ಒಬ್ಬಳು ಹಿಡಿದು ಒಂದೇ ಸಲ ಎತ್ತಿ ಮಗುಚುವುದು, ಒಬ್ಬಳು ಮದುವೆಮನೆಗೆ ಹೋದರೆ ಇನ್ನೊಬ್ಬಳಿಗೂ ಅವತ್ತು ರಜೆ, ನಾನು ಮದುವೆಯಾಗಿ ಬಂದ ವರ್ಷದಿಂದ ನನ್ನ ಜೋಡಿ ಜಲಜ, ಗಂಡನಿಗಿಂತ ಹೆಚ್ಚು ಅವಳನ್ನೇ ಬೈದಿದ್ದೇನೆ, ಅವಳಿಂದಲೇ ಬೈಸಿಕೊಂಡಿದ್ದೇನೆ.

ಹುಣ್ಣು ಮಾಯಿತು, ಅದು ನಿಜ, ದೀಪಾವಳಿಯಿಂದ ಈ ಕತ್ತಲೆಯಲ್ಲಿ ಕೂತು ಕೂತು ಮೈಬಣ್ಣವೇ ತಿರುಗಿದೆ, ಬೋಟಿನಿಂದ ಬಂದ ನನ್ನ ಗಂಡ ರತ್ನಾಕರ ಬಾಗಿಲಲ್ಲೇ ನಿಂತು, ಹ್ವಾಯ್, ನಾ ಮನಿ ತಪ್ಪಿ ಬಂದ್ನಾ ಎಂತ, ಯಾರ್ದ್ ಈ ಬೆಳಿ ಹೆಂಗ್ಸ್ ಅಂದರು, ಅಕ್ಕಪಕ್ಕದವರೂ ಚಂದ ಆಯ್ದೆ ಚಂದ ಆಯ್ದೆ ಅನ್ನುತ್ತಾರೆ, ಎಲ್ಲರಿಗೂ ಸಂತೋಷ, ನನಗೊಬ್ಬಳಿಗೆ ಈ ಚರ್ಮದೊಳಗೆ ಇರಲಾಗುವುದಿಲ್ಲ, ಬದುಕಿದ್ದೂ ಇಲ್ಲದ ಹಾಗೆ, ಜಲಜ ಮೊದಮೊದಲು ಸಂಜೆ ಬಂದು ಕೂರುತ್ತಿದ್ದಳು, ಬೇಗ ಗುಣ ಮಾಡ್ಕೋ ಹೆಣೆ, ತಮ್ಮನ್ ಹೆಂಡ್ತಿ ವಿನಯಾನ್ ಕರ್ಕಂಡಿದ್ದೆ, ನೀ ಬಪ್ಪಲ್ಲಿವರಿಗೆ ಅಷ್ಟೆ, ನಿನ್ ಜಾಗ ಯಾರಿಗೂ ಕೊಡ್ತಿಲ್ಲೆ — ಆ ಒಂದು ಮಾತಿನ ಮೇಲೆ ಗಂಟಲಲ್ಲಿ ಅನ್ನ ಇಳಿಯುತ್ತಿದೆ ನನಗೆ.

ಬಿಸಿಲೆಲ್ಲಿ, ನೆಲ ಬೋಳು, ಗಾಜು ಕಪ್ಪಾಗಿದೆ, ಕಿಟಕಿ ತೆಗೆದರೆ ಕಡಲ ಮೇಲೆ ಕಾಲವಲ್ಲದ ಕಾಲದ ಮೋಡ, ಹೊರಗೆ ಕೂಗಾಟ, ಮಳಿ ಬತ್ತ್ ಮಳಿ ಬತ್ತ್, ಚಟ್ಲಿ ಎತ್ತಿನಿ, ಬಿಸಿಲಿಲ್ಲವಲ್ಲ ಈಗ, ಮೋಡವನ್ನೂ ಬಿಡಿ ಅಂತ ಡಾಕ್ಟರು ಹೇಳಲಿಲ್ಲ, ಸೆರಗು ಸಿಕ್ಕಿಸಿ ಓಡುತ್ತೇನೆ, ಚಿಪ್ಪು ಕಾಲಿಗೆ ಚುಚ್ಚುತ್ತದೆ, ಚುಚ್ಚಲಿ, ಜಲಜಾ ನಾ ಬಂದೆ, ಅವಳ ಮುಖ ಅರಳುತ್ತದೆ, ಬಾ ಬಾ ಬೇಗ ಹಿಡಿ, ವಿನಯಾ ನೀ ಟರ್ಪಾಲ್ ತಾ, ತುದಿ ನನ್ನ ಕೈಗೆ ಬಂದಿದೆ, ಅಂಚಿನ ಹಗ್ಗ ಎರಡು ಸುತ್ತು ಮುಷ್ಟಿಗೆ, ಹೂಂ ಎತ್ತ್, ಎತ್ತುತ್ತೇನೆ, ಅಂಗೈ ಸೀಳಿದ ಹಾಗೆ ಉರಿ, ಹಗ್ಗ ಜಾರಿದೆ, ನಾನು ಬಿಡಲಿಲ್ಲ, ಕೈ ಬಿಟ್ಟಿತು, ಇಡೀ ಬಲೆಯ ಸಿಗಡಿ ಮರಳಿಗೆ ಸುರಿದಿದೆ, ಅದರ ಮೇಲೆ ದಪ್ಪ ದಪ್ಪ ಹನಿ — ಬೈ ಜಲಜ, ಕಣ್ಣ್ ಕಾಣ್ತಿಲ್ಯಾ ನಿಂಗೆ ಅನ್ನು, ಏನಾದರೂ ಅನ್ನು, ಅವಳು ಬೈಯುವುದಿಲ್ಲ, ಹತ್ತಿರ ಬಂದು ನನ್ನ ಅಂಗೈ ಬಿಡಿಸಿ ನೋಡುತ್ತಾಳೆ, ಸಿಪ್ಪೆ ಎದ್ದಿದೆ, ಎಷ್ಟ್ ಮೆತ್ತಗಾಯ್ತ್ ಕಾಣ್ ನಿನ್ ಕೈ, ಇನ್ನ್ ಇದೆಲ್ಲ ನಿನ್ ಕೈಲಾಪುದಲ್ಲ, ಒಳ್ಗ್ ಹೋಗ್, ಎಷ್ಟು ಮೆಲ್ಲಗೆ ಹೇಳುತ್ತಾಳೆ, ನೆಂಟರ ಹತ್ತಿರ ಮಾತಾಡುವ ಹಾಗೆ, ನಾನು ಹೋಗುವುದಿಲ್ಲ, ಮಳೆಯಲ್ಲಿ ನಿಂತೇ ಇದ್ದೇನೆ, ಅವಳು ಮುಂದಿನ ಬಲೆಗೆ ಬಾಗುತ್ತಾಳೆ, ಆ ತುದಿಗೆ ವಿನಯಾ ಓಡಿಬಂದಿದ್ದಾಳೆ, ಹಗ್ಗ ಎರಡು ಸುತ್ತು, ಹೂಂ ಅನ್ನುವ ಮೊದಲೇ ಇಬ್ಬರೂ ಒಟ್ಟಿಗೆ ಎತ್ತುತ್ತಾರೆ, ಒಂದು ಸಿಗಡಿಯೂ ಚೆಲ್ಲುವುದಿಲ್ಲ, ಬಲೆ ಏಳುತ್ತದೆ, ಇಳಿಯುತ್ತದೆ, ವಿನಯಾಳ ಮುಷ್ಟಿ, ಬಿಸಿಲಿಗೆ ಕರ್ರಗಾದ ಆ ಮುಷ್ಟಿ, ಬಲೆ ಏಳುತ್ತದೆ, ಆ ಮುಷ್ಟಿ, ಹಗ್ಗ ಎರಡು ಸುತ್ತು, ಆ ಮುಷ್ಟಿ —