ಒಂಬತ್ತು ದಿನ ಇದ್ದ ನಾಜಮೀನ್

ಮೊರಬದಲ್ಲಿ ಮಳೆ ಹಿಡಿಯಿತೆಂದರೆ ಹೊಲದ ದಾರಿಯ ಎರೆಮಣ್ಣು ಟ್ರ್ಯಾಕ್ಟರಿನ ಗಾಲಿಯನ್ನೂ ಬಿಡುವುದಿಲ್ಲ. ಹೊಲದ ಮನೆಯಲ್ಲಿದ್ದ ರುಬಿಯಾಳಿಗೆ ಆಸ್ಪತ್ರೆಗೆ ಹೊರಡುವ ಮೊದಲೇ ಹೆರಿಗೆಯಾಯಿತು. ಗಂಡು ಕೂಸು. ಇಬ್ಬರೂ ಆರಾಮ.

ಹತ್ತನೆಯ ದಿನ ಆಶಾ ಕಾರ್ಯಕರ್ತೆ ತಾಯವ್ವ ಕೂಸಿನ ತೂಕ ನೋಡಲು ಬಂದಳು.

"ಚಾಚಿ, ಕೂಸು ಹುಟ್ಟಿದ್ದು ಪಂಚಾಯ್ತಿಯೊಳಗ ಬರಸೀರೇನು?"

ರುಬಿಯಾಳ ಅತ್ತೆ ಅಜೀಜಾಬಿ ಹೌಹಾರಿದಳು. "ಈಗ ಬ್ಯಾಡವಾ! ಹೆಸರೂ ಇಟ್ಟಿಲ್ಲ. ನಲವತ್ತು ದಿನ ತುಂಬೂಮಟ ಕೂಸಿನ ಸುದ್ದಿ ಹೊರಗ ಹೋಗಬಾರದು. ಹಿಂದಿನದರ ಗತಿ ನಿನಗ ಗೊತ್ತಿಲ್ಲೇನು?"

ಕೂಸನ್ನು ತಟ್ಟುತ್ತಿದ್ದ ರುಬಿಯಾಳ ಕೈ ನಿಂತಿತು. ಎರಡು ವರ್ಷದ ಹಿಂದೆ ಇದೇ ಮನೆಯಲ್ಲಿ ಅವಳಿಗೊಂದು ಹೆಣ್ಣುಮಗು ಹುಟ್ಟಿ, ಒಂಬತ್ತು ದಿನ ಹಾಲು ಕುಡಿದು, ಹೋಗಿಬಿಟ್ಟಿತ್ತು. ನಾಜಮೀನ್ ಎಂದು ಕರೆದಿದ್ದಳು. ಒಂದು ಫೋಟೋ ಕೂಡ ಇಲ್ಲ. ಈಗ ಯಾರಾದರೂ ಕೇಳಿದರೆ ಮನೆಯವರು, "ಇದ ಮೊದಲನೇದು" ಅನ್ನುತ್ತಾರೆ.

"ಅಕ್ಕಾರ," ಎಂದಳು ಮೆಲ್ಲಗೆ, "ಅವಾಗ ಬರಸಿದ್ರ ಆಕಿ ಹೆಸರು ಎಲ್ಯರ ಇರ್ತಿತ್ತೇನ್ರಿ?"

"ಇರ್ತಿತ್ತವಾ. ಒಂದ ದಿನ ಬದುಕಿದ್ರೂ ಹುಟ್ಟು ಹುಟ್ಟ. ಅದನ್ನೂ ಬರಸಬೇಕು, ಸಾವನ್ನೂ ಬರಸಬೇಕು. ನಿಮ್ಮ ದುಃಖ ನೋಡಿ ಬರಸ್ರಿ ಅನ್ನಾಕ ನನಗ ಬಾಯಿ ಬರಲಿಲ್ಲ. ತಪ್ಪು ನಂದೂ ಐತಿ." ತಾಯವ್ವ ಅಜೀಜಾಬಿಯ ಬಾಜು ಕೂತಳು. "ಚಾಚಿ, ಬರಸಿದ್ರ ದೃಷ್ಟಿ ತಾಗೂದಿಲ್ಲ. ಇಪ್ಪತ್ತೊಂದು ದಿನದೊಳಗ ರೊಕ್ಕನೂ ಇಲ್ಲ. ಹೆಸರು ಆಮ್ಯಾಲೆ ಸೇರಸಬಹುದು. ನಾಳೆ ಸಾಲಿಗೆ ಹಚ್ಚೂವಾಗ ಇದ ಕಾಗದ ಕೇಳ್ತಾರ."

ಅಜೀಜಾಬಿ ಬಗ್ಗಿ ಕೂಸಿನ ಮುಖ ನೋಡಿದಳು. "ಆಕಿಗೆ ನನ್ನ ಮೂಗು ಇತ್ತು," ಎಂದಳು. ಆ ಮಗುವಿನ ಮುಖದ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆನ ಹೋಗೂಣು," ಎಂದಳು.

ಮರುದಿನ ತನ್ನ ಮಗ, ರುಬಿಯಾಳ ಗಂಡ ಸಾಧಿಕನನ್ನು ಕರೆದುಕೊಂಡು ಪಂಚಾಯ್ತಿಗೆ ಹೋಗಿ ಮೊಮ್ಮಗನ ಜನನ ಬರೆಸಿದಳು. ನಾಜಮೀನಳದ್ದೂ ಬರೆಸಬೇಕೆಂದಾಗ, ವರ್ಷ ದಾಟಿದ್ದರಿಂದ ಮೇಲಿನ ಅಧಿಕಾರಿಯ ಆದೇಶ ಬೇಕೆಂದರು. ಸಾಧಿಕ್ ತಾಲ್ಲೂಕು ಊರಾದ ನವಲಗುಂದಕ್ಕೆ ನಾಲ್ಕು ಸಲ ಓಡಾಡಿದ. ತಾಯವ್ವ ಸಾಕ್ಷಿ ಹೇಳಿದಳು. ಐದು ತಿಂಗಳ ಮೇಲೆ ಎರಡು ಕಾಗದ ಕೈಗೆ ಬಂದವು: ಹುಟ್ಟಿದ್ದೊಂದು, ತೀರಿದ್ದೊಂದು. ರುಬಿಯಾ ಮೊದಲನೆಯದನ್ನಷ್ಟೇ ತೊಡೆಯ ಮೇಲಿಟ್ಟುಕೊಂಡು, ತಾಯಿಯ ಹೆಸರಿದ್ದ ಸಾಲಿನ ಮೇಲೆ ಬೆರಳಾಡಿಸುತ್ತ ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದೆಯೇ? ಆಸ್ಪತ್ರೆಯಲ್ಲಾದರೆ ಅಲ್ಲೇ ವಿಚಾರಿಸಿ, ಮನೆಯಲ್ಲಾದರೆ ಪಂಚಾಯ್ತಿಗೆ ಹೋಗಿ. ಇಪ್ಪತ್ತೊಂದು ದಿನ ದಾಟಗೊಡಬೇಡಿ. ಕೂಸು ನೂರು ವರ್ಷ ಬಾಳಲಿ, ಒಂದೇ ದಿನ ಇರಲಿ, ಅದು ಈ ಊರಿಗೆ ಬಂದಿತ್ತು ಎಂದು ಬರೆದಿರಲಿ.